ಊರಿನ ಒಣ ಹೊಲಕ್ಕೆ ಪುಣೆ-ಮುಂಬಯಿಯ ದುಡ್ಡು: ಬೋರ್‌ವೆಲ್ಲೋ, ಕೃಷಿ ಹೊಂಡವೋ, ಒಡ್ಡೋ, ವಿಮೆಯೋ?

ಪಿಂಪ್ರಿ-ಚಿಂಚವಾಡದ ಕಾರ್ಖಾನೆಯಲ್ಲೋ, ಡೊಂಬಿವಲಿಯ ಹೋಟೆಲಿನಲ್ಲೋ, ವಾಸ್ಕೋದ ಕಟ್ಟಡ ಕೆಲಸದಲ್ಲೋ ದುಡಿಯುತ್ತ, ಇಂಡಿ, ಸಿಂದಗಿ, ಅಫಜಲಪುರ, ಆಳಂದ ಕಡೆ ಎರಡರಿಂದ ಐದು ಎಕರೆ ಒಣಬೇಸಾಯದ ಹೊಲ ಇಟ್ಟುಕೊಂಡ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಳೆ ಮೇಲಿಂದ ಮೇಲೆ ಕೈಕೊಡುತ್ತಿದೆ, ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಎಲ್ಲಿ ಹಾಕೋಣ? ಊರಲ್ಲಿರುವ ತಮ್ಮ ಬೋರ್ ಹೊಡೆಸು ಅಂತಾನೆ. ನಾಸಿಕ ಕಡೆ ದ್ರಾಕ್ಷಿ ತೋಟ ನೋಡಿಬಂದ ಗೆಳೆಯ ಪ್ಲಾಸ್ಟಿಕ್ ಹೊಂಡ ಅಂತಾನೆ. ಅಪ್ಪ ಮಾತ್ರ ಒಡ್ಡು ಹಾಕಿಸು ಅಂತಾರೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮ ಮತ ಮೊದಲೇ ಹೇಳಿಬಿಡುತ್ತೇವೆ: ಹೆಚ್ಚಿನ ಹೊಲಗಳ ಮಟ್ಟಿಗೆ ಅಪ್ಪ ಹೇಳಿದ್ದೇ ಸರಿ. ಯಾವ ಹೊಲಕ್ಕೆ ಸರಿ, ಯಾವುದಕ್ಕೆ ತಪ್ಪು ಅನ್ನುವುದಕ್ಕೆ ಈ ಲೆಕ್ಕ.

ದುಡ್ಡು ಕಳಿಸುವ ಮುಂಚೆ ತಿಳಿದಿರಬೇಕಾದದ್ದು

ಮೊದಲನೆಯದು ಮಣ್ಣಿನ ಆಳ. ಹೊಲದ ನಡುವೆ ಒಂದು, ಮೇಲಿನ ಬದುವಿನ ಹತ್ತಿರ ಒಂದು, ಹೀಗೆ ಎರಡು ಕಡೆ ಮೂರಡಿ ಗುಂಡಿ ತೋಡಿಸಿ, ಒಳಗೆ ಟೇಪು ಇಳಿಬಿಟ್ಟು ಫೋಟೊ ತರಿಸಿಕೊಳ್ಳಿ. ಮೂರಡಿಯವರೆಗೂ ಕಪ್ಪು ಎರೆ ಕಂಡರೆ ಅದು ಆಳದ ಹೊಲ. ಒಂದಡಿಗೇ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ನೆಲ, ಬಂದರೆ ಮಡ್ಡಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದಾಗ ಇದನ್ನು ಕಣ್ಣಲ್ಲೇ ನೋಡಬಹುದು. ಒಂದೇ ದಿನ ಬಿತ್ತಿದ ಜೋಳ ಒಂದು ಕಡೆ ತಲೆಯೆತ್ತರ ನಿಂತು ಇನ್ನೊಂದು ಕಡೆ ಸೊಂಟದಷ್ಟಕ್ಕೆ ಸೊರಗಿದ್ದರೆ, ಸೊರಗಿದ ಜಾಗದಲ್ಲಿ ಸಾಮಾನ್ಯವಾಗಿ ಮಣ್ಣು ತೆಳು, ಇಲ್ಲವೇ ನೀರು ನಿಲ್ಲದೆ ಹರಿದುಹೋಗುತ್ತಿದೆ.

ಎರಡನೆಯದು, ಬೆಳೆ ಯಾವ ತಿಂಗಳಲ್ಲಿ ಸೋಲುತ್ತಿದೆ ಅನ್ನುವುದು. ಬಿತ್ತಿದ ಮೇಲೆ ಜುಲೈ-ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟು ಸೋಲುವುದು ಬೇರೆ, ಅಕ್ಟೋಬರ್-ನವೆಂಬರಿನಲ್ಲಿ ತೊಗರಿ ಹೂವು-ಕಾಯಿಗೆ ಬಂದಾಗ ನೆಲ ಆರಿಹೋಗುವುದು ಬೇರೆ. ಮೊದಲನೆಯದಕ್ಕೆ ಬಿತ್ತನೆಯ ಹದ ಮತ್ತು ಎಡೆಕುಂಟೆ (ಬೆಳೆಯ ಸಾಲಿನ ನಡುವೆ ಹೊಡೆಯುವ ಕುಂಟೆ) ಮದ್ದು. ಎರಡನೆಯದಕ್ಕೆ ಕೂಡಿಟ್ಟ ನೀರೇ ಬೇಕು, ಅದು ಮಣ್ಣಿನಲ್ಲಾದರೂ ಇರಲಿ, ಹೊಂಡದಲ್ಲಾದರೂ ಇರಲಿ.

ಮೂರನೆಯದು ದೂರದಲ್ಲಿರುವವರು ಮರೆಯುವ ಮಾತು: ಹೊಲದಲ್ಲಿ ಯಾರಿದ್ದಾರೆ? ಪಂಪು ಹಚ್ಚುವವರು, ಪೈಪು ಬದಲಿಸುವವರು, ಒಡ್ಡು ಒಡೆದಾಗ ಸಲಿಕೆ ಹಿಡಿಯುವವರು ಬೇಕು. ಹೊಲವನ್ನು ವರ್ಷದ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದರೆ ಆ ರೈತ ನಿಮ್ಮ ಮಣ್ಣಿಗೆ ಒಂದು ದಿನದ ಕೂಲಿಯನ್ನೂ ಹಾಕುವುದಿಲ್ಲ, ಹಾಕಬೇಕಾದ ಕಾರಣವೂ ಅವನಿಗಿಲ್ಲ. ಮಣ್ಣಿನ ಕೆಲಸ ಮಾಡಿಸುವುದಿದ್ದರೆ ಲಾವಣಿಯನ್ನು ಕನಿಷ್ಠ ಮೂರು ವರ್ಷಕ್ಕೆ ಮಾತಾಡಿ.

ನಾಲ್ಕನೆಯದು ಕಾಗದ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ರಾಜ್ಯ ಸರಕಾರದ ‘ಫ್ರೂಟ್ಸ್’ ರೈತ ನೋಂದಣಿಯ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ನಿಮ್ಮ ಹೆಸರಿಗೆ ಆಗುವುದಿಲ್ಲ. ಅದಿಲ್ಲದೆ ವಿಮೆ, ತುಂತುರು ನೀರಾವರಿಯ ಸಹಾಯಧನ, ಬರ ಪರಿಹಾರ ಯಾವುದೂ ಕೈಗೆ ಹತ್ತುವುದಿಲ್ಲ. ಅಂಥವರ ಮೊದಲ ಖರ್ಚು ಪೌತಿ ಖಾತೆ, ಅಂದರೆ ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಆಧಾರ್ ಮತ್ತು ಪಹಣಿಯಲ್ಲಿ ಹೆಸರು ಒಂದೇ ರೀತಿ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂಬುದನ್ನೂ ಅದೇ ಓಡಾಟದಲ್ಲಿ ನೋಡಿಕೊಳ್ಳಿ.

ಇವೆಲ್ಲದರ ಮೇಲೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಹಾಕಿದ್ದು ಸೋತರೆ ಏನು ಉಳಿಯುತ್ತದೆ? ಒಡ್ಡು ಸೋತರೆ ಮಣ್ಣು ಉಳಿಯುತ್ತದೆ. ಬೋರ್ ಸೋತರೆ ಸಾಲ ಉಳಿಯುತ್ತದೆ.

ಒಡ್ಡು ಮತ್ತು ಚೌಕ ಮಡಿ: ಮಣ್ಣನ್ನೇ ಕೆರೆ ಮಾಡುವುದು

ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್ ನೀರು. ಆಳದ ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ, ಬೆಳೆಗೆ ದಕ್ಕುವಂಥ ನೀರನ್ನು ಕಡಿಮೆಯೆಂದರೂ 150 ಮಿ.ಮೀ.ನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಎಕರೆಗೆ ಆರು ಲಕ್ಷ ಲೀಟರ್. ಇಷ್ಟು ನೀರು ಹಿಡಿಯಲು ಎಷ್ಟು ದೊಡ್ಡ ಹೊಂಡ ಬೇಕು ಎಂದು ಮುಂದೆ ನೋಡಿದರೆ ಅಪ್ಪನ ಮಾತಿನ ತೂಕ ಗೊತ್ತಾಗುತ್ತದೆ. ಸಮಸ್ಯೆ ಏನೆಂದರೆ ಎರೆ ಮಣ್ಣು ಒಮ್ಮೆ ತೊಯ್ದ ಮೇಲೆ ನೀರನ್ನು ತುಂಬ ನಿಧಾನವಾಗಿ ಕುಡಿಯುತ್ತದೆ. ಜೋರು ಮಳೆಯಲ್ಲಿ ಅರ್ಧ ತಾಸಿನೊಳಗೆ ನೀರು ಕೆಂಪಗೆ, ಕಪ್ಪಗೆ ಹಳ್ಳ ಸೇರಿರುತ್ತದೆ. ಅದನ್ನು ಹೊಲದಲ್ಲೇ ನಿಲ್ಲಿಸಿ, ಕುಡಿಯಲು ಹೊತ್ತು ಕೊಡುವುದಷ್ಟೇ ಮಡಿಯ ಕೆಲಸ.

ವಿಜಯಪುರದ ಒಣಬೇಸಾಯ ಸಂಶೋಧನೆ ಹಿಂಗಾರಿ ಹೊಲಗಳಿಗೆ ಹೇಳುತ್ತ ಬಂದಿರುವ ದಾರಿ ಚೌಕ ಮಡಿ. ಜೂನ್-ಜುಲೈನಲ್ಲಿ ಹೊಲವನ್ನು 3 ಮೀಟರಿಗೆ 3 ಮೀಟರಿನಿಂದ 4.5 ಮೀಟರಿಗೆ 4.5 ಮೀಟರಿನವರೆಗಿನ ಚೌಕಗಳಾಗಿ ಒಡೆಯುವುದು, ಸುತ್ತ ಗೇಣೆತ್ತರದ ಬದು. ಇಳಿಜಾರು ಹೆಚ್ಚಿದ್ದಲ್ಲಿ ಚೌಕ ಸಣ್ಣದು. ಟ್ರ್ಯಾಕ್ಟರಿಗೋ ಎತ್ತಿಗೋ ಕಟ್ಟುವ ಬದು ಹಾಕುವ ಸಲಕರಣೆಯಲ್ಲಿ ಅಡ್ಡ-ಉದ್ದ ಹೊಡೆದರೆ ಮುಗಿಯಿತು. ಉತ್ತರಾ ಮಳೆಯ ಹೊತ್ತಿಗೆ ಕುಂಟೆ ಹೊಡೆದು ಸಮ ಮಾಡಿ ಬಿಳಿಜೋಳ ಬಿತ್ತುವುದು. ಖರ್ಚು ಎಕರೆಗೆ ಟ್ರ್ಯಾಕ್ಟರಿನ ಕೆಲವು ತಾಸಿನ ಬಾಡಿಗೆ ಮಾತ್ರ, ಆದರೆ ಅದು ಪ್ರತಿ ವರ್ಷದ್ದು.

ಇದಕ್ಕೆ ಬೆಲೆ ತೆರಬೇಕಾದದ್ದು ಬೇರೆ ಕಡೆ: ಮಡಿ ಕಟ್ಟಿದ ಹೊಲದಲ್ಲಿ ಮುಂಗಾರಿ ಹೆಸರು, ತೊಗರಿ ಇಲ್ಲ. ಇಂದು ಕಲಬುರಗಿ, ವಿಜಯಪುರದ ಎಷ್ಟೋ ಮಂದಿ ಬಿಳಿಜೋಳ ಬಿಟ್ಟು ತೊಗರಿಗೆ ಹೋಗಿರುವಾಗ ಇದು ಸಣ್ಣ ಮಾತಲ್ಲ. ತೊಗರಿ ಬಿಡಲಾಗದವರು ಬಿತ್ತಿ ತಿಂಗಳಾದ ಮೇಲೆ ಸಾಲು ಬಿಟ್ಟು ಸಾಲು, ಇಳಿಜಾರಿಗೆ ಅಡ್ಡವಾಗಿ, ನೀರು ನಿಲ್ಲುವಂತೆ ಬೋದು ಸಾಲು ತೆಗೆಯಲಿ. ಮಡಿಯಷ್ಟು ನೀರು ನಿಲ್ಲದಿದ್ದರೂ ಬೆಳೆ ನಿಂತಿರುವಾಗಲೇ ಮಾಡಬಹುದಾದ ಕೆಲಸ ಅದು.

ಕೆಡುವುದು ಎಲ್ಲಿ? ಮೇಲಿನ ಹೊಲದ ನೀರು ನುಗ್ಗಿ ಒಂದು ಮಡಿ ಒಡೆದರೆ ಕೆಳಗಿನ ಸಾಲೆಲ್ಲ ಒಡೆಯುತ್ತದೆ. ಆದ್ದರಿಂದ ಹೊಲದ ಸುತ್ತಿನ ದೊಡ್ಡ ಒಡ್ಡು, ಅದರ ತಗ್ಗಿನ ತುದಿಗೆ ಕಲ್ಲು ಜೋಡಿಸಿದ ಕೋಡಿ ಮೊದಲು. ಕೋಡಿಯಿಲ್ಲದ ಒಡ್ಡು ಮೊದಲ ದೊಡ್ಡ ಮಳೆಗೇ ಹೋಗುತ್ತದೆ, ಹೋಗುವಾಗ ಕೆಳಗಿನ ಹೊಲದವನ ಜಗಳವನ್ನೂ ತರುತ್ತದೆ.

ಮಡ್ಡಿ ಹೊಲಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಒಂದಡಿ ಮಣ್ಣಿಗೆ ಎಷ್ಟು ಕುಡಿಸಿದರೂ ಹತ್ತು-ಹದಿನೈದು ದಿನದ ಬಿಸಿಲಿಗೆ ಅದು ಖಾಲಿ. ಹೊಂಡದ ಮಾತು ಬರುವುದು ಅಲ್ಲೇ.

ಕೃಷಿ ಹೊಂಡ: ಅಳತೆ ಮುಖ್ಯ

ಹೊಂಡ ಎಂದಾಗ ಮೇಲಿನ ಬಾಯಿಯ ಅಳತೆಯನ್ನಷ್ಟೇ ಹೇಳುತ್ತಾರೆ. ಬದಿಯ ಇಳಿಜಾರು ನೀರನ್ನು ಎಷ್ಟು ತಿನ್ನುತ್ತದೆ ಎಂಬುದು ಯಾರಿಗೂ ಬೇಡ. 15×15 ಮೀಟರ್ ಬಾಯಿ, 3 ಮೀಟರ್ ಆಳದ ಹೊಂಡದ ಬದಿಯನ್ನು ಒಂದಕ್ಕೊಂದು ಇಳಿಜಾರಿನಲ್ಲಿ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ) ತೆಗೆದರೆ ತಳ 9×9, ಹಿಡಿಯುವ ನೀರು 4.41 ಲಕ್ಷ ಲೀಟರ್. ಎರೆ ಮಣ್ಣಿನಲ್ಲಿ ಆ ಬದಿ ಮಳೆಗೆ ಜರಿಯುತ್ತದೆ, ಒಂದಕ್ಕೆ ಒಂದೂವರೆ ಇಳಿಜಾರು ಬೇಕು. ಆಗ ತಳ 6×6ಕ್ಕೆ ಇಳಿದು ನೀರು 3.51 ಲಕ್ಷ ಲೀಟರ್ ಆಗುತ್ತದೆ. 10×10ರ ಹೊಂಡ, ಒಂದಕ್ಕೊಂದು ಇಳಿಜಾರಿನಲ್ಲಿ, ಬರೀ 1.56 ಲಕ್ಷ.

ಇಷ್ಟರಲ್ಲಿ ಏನಾಗುತ್ತದೆ? ಸಾಲಿನಲ್ಲಿ ನೀರು ಹರಿಸಿ ಎಕರೆಗೆ 50 ಮಿ.ಮೀ. ಕೊಟ್ಟರೆ ಎರಡು ಲಕ್ಷ ಲೀಟರ್ ಬೇಕು. ತುಂತುರಿನಲ್ಲಿ 30 ಮಿ.ಮೀ. ಕೊಟ್ಟರೆ 1.2 ಲಕ್ಷ. ಹಾಗಾಗಿ 15×15ರ ತುಂಬಿದ ಹೊಂಡವೆಂದರೆ ಮೂರು ಎಕರೆಗೆ ಒಂದೇ ಒಂದು ಸಲ ತುಂತುರು ನೀರು. ಅದು ತೊಗರಿಗೆ ಹೂವು-ಕಾಯಿಯ ಹೊತ್ತಿನಲ್ಲಿ, ಜೋಳಕ್ಕೆ ತೆನೆ ಹೊರಡುವ ಮುಂಚೆ, ಕಡಲೆಗೆ ಕಾಯಿ ಕಟ್ಟುವಾಗ ಬಿದ್ದರೆ ಬೆಳೆ ಉಳಿಸುತ್ತದೆ. ಎರಡನೇ ಬೆಳೆ, ಕಬ್ಬು, ಬಾಳೆಯ ಕನಸಿಗೆ ಅದು ಸಾಲದು. ತುಂತುರು ಸೆಟ್ಟು ಇಲ್ಲದ ಹೊಂಡ ಅರ್ಧ ಹೊಂಡ. ಹೊಂಡ, ಪಂಪು, ಸೆಟ್ಟು ಮೂರನ್ನೂ ಕೂಡಿಸಿ ಬಜೆಟ್ ಹಾಕಿ. ಹನಿ ಮತ್ತು ತುಂತುರಿಗೆ ಕರ್ನಾಟಕದಲ್ಲಿ 2 ಹೆಕ್ಟೇರ್‌ವರೆಗೆ ಶೇ. 90 ಸಹಾಯಧನ ಕೊಡುತ್ತ ಬಂದಿದ್ದಾರೆ. ಈ ವರ್ಷದ ಸ್ಥಿತಿ, ಸರದಿ ಎಷ್ಟಿದೆ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು.

ಹೊಂಡ ತುಂಬುತ್ತದೆಯೇ ಎಂಬುದು ಮುಂದಿನ ಮಾತು. ನಾಲ್ಕು ಎಕರೆಯಲ್ಲಿ ಒಂದೇ ದಿನ 40 ಮಿ.ಮೀ. ಮಳೆ ಬಿದ್ದು ಅದರಲ್ಲಿ ಶೇ. 15 ಹರಿದು ಬಂದರೆ ಹೊಂಡಕ್ಕೆ ಸುಮಾರು 97 ಸಾವಿರ ಲೀಟರ್. ದೊಡ್ಡ ಹೊಂಡಕ್ಕೆ ಅಂಥ ಮಳೆ ನಾಲ್ಕೈದು ಬೇಕು. ಹೊಲದ ತುಂಬ ಮಡಿ ಕಟ್ಟಿ ಮೂಲೆಯಲ್ಲಿ ಹೊಂಡವನ್ನೂ ತೋಡಿದರೆ ಹೊಂಡಕ್ಕೆ ನೀರೇ ಬರುವುದಿಲ್ಲ! ಎರಡರಲ್ಲಿ ಒಂದನ್ನು ಆರಿಸಬೇಕು, ಇಲ್ಲವೇ ಮೇಲಿನ ಮಡ್ಡಿಯ ನೀರನ್ನು ಹೊಂಡಕ್ಕೆ ತಿರುಗಿಸಿ ಕೆಳಗಿನ ಎರೆಗೆ ಮಡಿ ಕಟ್ಟಬೇಕು.

ನಾಸಿಕ, ಪುಣೆ ಜಿಲ್ಲೆಯ ತೋಟಗಳಲ್ಲಿ ಕಾಣುವ ಕರಿ ಪ್ಲಾಸ್ಟಿಕ್ ಹಾಳೆಯ ದೊಡ್ಡ ಶೇತತಳೆಗಳನ್ನು (ಕೃಷಿ ಹೊಂಡಕ್ಕೆ ಮರಾಠಿ ಹೆಸರು) ನೋಡಿ ಅಳತೆ ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ಹೊಂಡಗಳು ಬಾವಿ, ಬೋರಿನ ನೀರನ್ನು ಎತ್ತಿ ತುಂಬಿಸಿಟ್ಟ ತೊಟ್ಟಿಗಳು. ಮಳೆ ನೀರಿನ ಹೊಂಡ ಹೊಲದ ಅತಿ ತಗ್ಗಿನ ಮೂಲೆಯಲ್ಲಿರುತ್ತದೆ, ಆ ತೊಟ್ಟಿಗಳು ದಿಬ್ಬದ ಮೇಲಿರುತ್ತವೆ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಹಾಳೆ ಬೇಕೇ? ಮಡ್ಡಿ, ಗರಸಿನಲ್ಲಿ ಬೇಕೇ ಬೇಕು, 500 ಮೈಕ್ರಾನ್‌ಗಿಂತ ತೆಳು ಬೇಡ. 15×15ರ ಹೊಂಡಕ್ಕೆ ಅಂಚು ಹೂಳುವುದಕ್ಕೂ ಸೇರಿ ಸುಮಾರು 350 ಚದರ ಮೀಟರ್ ಹಿಡಿಯುತ್ತದೆ. ಹೊಂಡದ ತಳದವರೆಗೂ ಎರೆಯಿದ್ದಲ್ಲಿ ತೊಯ್ದ ಜೇಡಿಯೇ ನೀರು ತಡೆಯುತ್ತದೆ, ಹಾಳೆಯ ದುಡ್ಡನ್ನು ಪಂಪಿಗೆ ಉಳಿಸಬಹುದು. ಆವಿಯನ್ನು ಮಾತ್ರ ಯಾರೂ ತಡೆಯಲಾರರು: ದಿನಕ್ಕೆ 5 ಮಿ.ಮೀ. ಹಿಡಿದರೂ ತುಂಬಿದ ಹೊಂಡದಿಂದ ಸಾವಿರ ಲೀಟರಿನ ಮೇಲೆ ಹೋಗುತ್ತದೆ. ಬೇಸಿಗೆಗೆ ಇಡೋಣ ಎಂದು ನೀರನ್ನು ಜಿಪುಣತನದಿಂದ ಕಾಯುವುದು ಸೂರ್ಯನಿಗೆ ಕೊಟ್ಟ ಹಾಗೆ.

ನೀರು ಒಳಬರುವ ಕಡೆ ಒಂದೂವರೆ ಮೀಟರ್ ಚೌಕದ ಹೂಳು ಗುಂಡಿ, ಒಳಬಾಯಿಗೆ ಕಲ್ಲಿನ ಹಾಸು, ಒಳಬಾಯಿಗಿಂತ ತುಸು ತಗ್ಗಿನಲ್ಲಿ ಹೊರಕೋಡಿ. ಹೂಳು ಗುಂಡಿ ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಹೊಂಡದ ತಳ ಮೇಲೆ ಬರುತ್ತದೆ. ತಂತಿಬೇಲಿ ಮತ್ತು ಹಗ್ಗ ಕಟ್ಟಿದ ಹಳೆ ಟೈರಿನ ಏಣಿಯನ್ನು ಆಮೇಲೆ ನೋಡೋಣ ಅನ್ನಬೇಡಿ. ತೊಯ್ದ ಹಾಳೆಯ ಮೇಲೆ ಜಾರಿ ಬಿದ್ದವರು ಈಜು ಬಂದರೂ ಹತ್ತಿ ಬರಲಾರರು. ಮಕ್ಕಳು, ದನ ಓಡಾಡುವ ದಾರಿಯಲ್ಲಿ ಬೇಲಿಯಿಲ್ಲದ ಹಾಳೆ ಹೊಂಡ ತೋಡಿಸುವುದೇ ತಪ್ಪು. ಮಣ್ಣು ಹಾಕುವ ಜಾಗ ಸೇರಿ ನಾಲ್ಕೈದು ಗುಂಟೆ ನೆಲವೂ ಹೋಗುತ್ತದೆ. ಎರಡು ಎಕರೆಯವರಿಗೆ ಅದು ಕಡಿಮೆಯಲ್ಲ.

ಬೋರ್‌ವೆಲ್: ಕೊನೆಯ ಆಟ

ವಿಜಯಪುರ ಮತ್ತು ಕಲಬುರಗಿಯ ಉತ್ತರದ ತಾಲೂಕುಗಳ ಕೆಳಗಿರುವುದು ದಖ್ಖನ್ನಿನ ಕಪ್ಪು ಕಲ್ಲು, ಪುಣೆಯ ಬೆಟ್ಟಗಳದೇ ಕಲ್ಲು. ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದದ್ದು. ನೀರು ಸಿಗುವುದು ಮೇಲಿನ ಕೊಳೆತ ಭಾಗದಲ್ಲಿ, ಬಿರುಕಿನಲ್ಲಿ, ಎರಡು ಪದರ ಸೇರುವ ಕಡೆ. ನಡುವಿನ ಗಟ್ಟಿ ಕಲ್ಲಿನಲ್ಲಿ ಏನೂ ಇಲ್ಲ. ಆದ್ದರಿಂದ ಪಕ್ಕದ ಹೊಲದವನಿಗೆ ನೀರು ಬಿದ್ದದ್ದು ನಿಮ್ಮ ಹೊಲಕ್ಕೆ ಸಾಕ್ಷಿಯಾಗುವುದಿಲ್ಲ. ಇನ್ನೂ ನೂರಡಿ ಹೋದರೆ ಸಿಗುತ್ತದೆ ಎಂಬ ಮಾತು ರಿಗ್ಗಿನವನ ಗಂಟಿಗೆ ಒಳ್ಳೆಯದು, ಆಳ ಹೋದಂತೆ ಅಡಿಗೆ ದರವೂ ಏರುತ್ತದೆ.

ನೀರು ಬಿದ್ದರೂ ಖರ್ಚು ಮುಗಿಯುವುದಿಲ್ಲ. ಕೇಸಿಂಗ್ ಕೊಳವೆ, ಮೋಟರು, ಕೇಬಲ್, ಸ್ಟಾರ್ಟರು, ಆಮೇಲೆ ಕರೆಂಟಿನ ಕಂಬ. ತ್ರೀಫೇಸ್ ಕರೆಂಟು ದಿನಕ್ಕೆ ಏಳು ತಾಸಿನ ಲೆಕ್ಕ, ಅದೂ ಪಾಳಿಯಲ್ಲಿ, ಎಷ್ಟೋ ಸಲ ರಾತ್ರಿ. ರಾತ್ರಿ ಹೋಗಿ ಮೋಟರು ಹಚ್ಚುವವರು ಮನೆಯಲ್ಲಿ ಇಲ್ಲದಿದ್ದರೆ ಬೋರ್ ಲಾವಣಿದಾರನ ಬೋರ್ ಆಗುತ್ತದೆ. ಎಲ್ಲರಿಗೂ ಮಳೆ ಕೈಕೊಟ್ಟ ವರ್ಷ ಎಲ್ಲರ ಮೋಟರೂ ಒಟ್ಟಿಗೆ ಓಡುತ್ತವೆ. ಬೋರ್ ಬೇಕಾಗುವ ವರ್ಷವೇ ಅದು ಬತ್ತುವ ವರ್ಷ.

ಹಾಗಾದರೆ ಯಾರಿಗೆ ಸರಿ? ಕೃಷ್ಣಾ ನೀರು ತುಂಬಿಸುವ ಕೆರೆಯ ಬುಡದಲ್ಲಿ, ಕಾಲುವೆ ಅಥವಾ ಹಳ್ಳದ ಒಡ್ಡಿನ ಕೆಳಗೆ ಹೊಲ ಇದ್ದವರಿಗೆ; ಮನೆಯವರು ಊರಲ್ಲೇ ಇದ್ದು ಹನಿ ನೀರಿನಲ್ಲಿ ಲಿಂಬೆ, ದಾಳಿಂಬೆ ನೋಡಿಕೊಳ್ಳಬಲ್ಲವರಿಗೆ; ಹಾಕಿದ ದುಡ್ಡು ಪೂರ್ತಿ ಹೋದರೂ ಸಾಲ ಮಾಡಬೇಕಾಗದವರಿಗೆ. ಹೊಲದಲ್ಲಿ ಹಳೆಯ ತೆರೆದ ಬಾವಿ ಇದ್ದರೆ ಮೊದಲು ಅದರ ಹೂಳು ತೆಗೆಸಿ ನೋಡಿ, ಹೊಸ ಬೋರಿನ ಒಂದು ಪಾಲಿನಲ್ಲಿ ಆಗುವ ಕೆಲಸ.

ಬತ್ತಿದ ಬೋರಿಗೆ ಮಳೆ ನೀರು ಇಂಗಿಸುವುದಿದ್ದರೆ ಕೇಸಿಂಗಿನ ಸುತ್ತ 3 ಮೀಟರ್ ಉದ್ದ, ಅಗಲ, ಆಳದ ಗುಂಡಿ, ಕೇಸಿಂಗಿಗೆ ರಂಧ್ರ, ಅದರ ಮೇಲೆ ನೈಲಾನ್ ಜಾಲರಿ, ಕೆಳಗಿನಿಂದ ದಪ್ಪ ಕಲ್ಲು, ಜಲ್ಲಿ, ಮೇಲೆ ಮರಳು. ಎರೆ ಹೊಲದಲ್ಲಿ ಇದು ಬೇಗ ಕೆಡುತ್ತದೆ, ನುಣ್ಣನೆಯ ಜೇಡಿ ಒಂದೆರಡು ಮಳೆಗೇ ಮರಳನ್ನು ಕಟ್ಟಿಬಿಡುತ್ತದೆ. ಮುಂದೆ ಹೂಳು ಗುಂಡಿ ಇಟ್ಟು ಪ್ರತಿ ಬೇಸಿಗೆ ಮೇಲಿನ ಮರಳು ಬದಲಿಸಬೇಕು. ನೀರೇ ಬೀಳದ ಬೋರನ್ನು ರಿಗ್ಗು ಹೋಗುವ ಮುಂಚೆ ಮುಚ್ಚಿಸಿ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೂಸೊಂದು ತೆರೆದ ಬೋರಿಗೆ ಬಿದ್ದು ಸುಮಾರು 20 ತಾಸಿನ ಮೇಲೆ ಜೀವಂತ ಹೊರಬಂದದ್ದು ಊರವರಿಗೆಲ್ಲ ನೆನಪಿದೆ.

ಬೀಜ, ಬಿತ್ತನೆ: ಖರ್ಚಿಲ್ಲದ್ದು

ಮುಂಬಯಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ವಿಜಯಪುರದ ಇಡೀ ವರ್ಷದ ಮಳೆಗಿಂತ ಹೆಚ್ಚು. ಆದ್ದರಿಂದ ಕಿಟಕಿಯ ಹೊರಗೆ ನೋಡಿ ಫೋನಿನಲ್ಲಿ ‘ಬಿತ್ತಿಬಿಡು’ ಅನ್ನಬೇಡಿ. ಗುದ್ದಲಿ ಹಾಕಿದರೆ ಆರು ಅಂಗುಲ ತೊಯ್ದಿದೆಯೇ ಎಂದು ಕೇಳಿ. ಜುಲೈ ನಡುವಿನವರೆಗೆ ಹದ ಬಂದರೆ ತೊಗರಿ; ಟಿಎಸ್-3ಆರ್‌ನಂಥ ಬೇಗ ಬರುವ ತಳಿಗೆ ಕೊನೆಯ ಬರದ ಹೊಡೆತ ಕಡಿಮೆ. ಅದು ತಪ್ಪಿದರೆ ಹಟ ಬೇಡ, ಹೊಲಕ್ಕೆ ಮಡಿ ಕಟ್ಟಿ ಸೆಪ್ಟೆಂಬರ್ ನಡುವಿನಿಂದ ಎಂ 35-1 ಜೋಳ, ಕುಸುಬೆ. ಅಕ್ಟೋಬರಿನಲ್ಲಿ ಜೆಜಿ-11 ಕಡಲೆ. ಕುಸುಬೆಯ ಬೇರು ಎಲ್ಲಕ್ಕಿಂತ ಆಳ ಇಳಿಯುತ್ತದೆ, ಮುಳ್ಳಿನ ಕಾರಣ ಕೊಯ್ಯಲು ಆಳು ಸಿಗುವುದಿಲ್ಲ ಎಂಬುದೇ ಅದರ ಕುಂದು. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಬೀಜ ನೆನೆಸಿ, ನೆರಳಲ್ಲಿ ಮೊದಲಿನಂತೆ ಒಣಗಿಸಿ ಬಿತ್ತಿದರೆ ಸಸಿ ಒಣಹವೆ ತಾಳುತ್ತದೆ. ನೆನೆಸುವ ಹೊತ್ತು ಬೆಳೆಗೊಂದು ಇರುವುದರಿಂದ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮಾಡಿ. ಮಳೆ ನಿಂತಾಗ ಎಡೆಕುಂಟೆ ಹೊಡೆಸಲು ಕೂಲಿ ಕಳಿಸಿ. ಎರೆ ಹೊಲ ಬಿರಿದರೆ ಬಿರುಕಿನ ಆಳದಿಂದಲೇ ಹಸಿ ಆರುತ್ತದೆ, ಕುಂಟೆ ಅದನ್ನು ಮುಚ್ಚುತ್ತದೆ.

ವಿಮೆ

ಪ್ರಧಾನಮಂತ್ರಿ ಫಸಲ್ ಬಿಮಾ ಎಂಬ ಬೆಳೆ ವಿಮೆಯಲ್ಲಿ ರೈತನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ಶೇ. 5ರವರೆಗೆ. ಎಕರೆಗೆ 20,000 ರೂಪಾಯಿ ಮೊತ್ತ ಎಂದಿಟ್ಟುಕೊಂಡರೆ ಮುಂಗಾರಿ ಕಂತು 400. ಬರದ ನಷ್ಟಕ್ಕೆ ಪರಿಹಾರ ನಿಮ್ಮ ಹೊಲ ನೋಡಿ ಬರುವುದಿಲ್ಲ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿ ನೋಡಿ ಬರುತ್ತದೆ. ಅಲ್ಲಿಯ ಹೊಸ್ತಿಲ ಇಳುವರಿ (ಇದಕ್ಕಿಂತ ಕಡಿಮೆ ಬಂದರೆ ಪರಿಹಾರ) ಎಕರೆಗೆ 400 ಕಿಲೋ ಇದ್ದು ಆ ವರ್ಷ 250 ಬಂದರೆ ಕೊರತೆ ಶೇ. 37.5, ಪರಿಹಾರ 7,500. ನಿಮ್ಮ ಮಡ್ಡಿಯೊಂದೇ ಒಣಗಿ ಊರಿನ ಎರೆಯೆಲ್ಲ ಬೆಳೆದರೆ ಏನೂ ಇಲ್ಲ. ದುಡ್ಡು ಬರುವುದೂ ಸುಗ್ಗಿ ಮುಗಿದು ತಿಂಗಳುಗಳಾದ ಮೇಲೆ.

ಅರ್ಜಿ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ವಿಮೆ ತೊಗರಿಗೆ, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲಾದದ್ದು ಹತ್ತಿ. ಸಮೀಕ್ಷೆಯ ದಿನ ಹೊಲದಲ್ಲಿ ನಿಮ್ಮವರೊಬ್ಬರು ಇರಲಿ. ಆಲಿಕಲ್ಲು, ಹೊಲ ಮುಳುಗಿದಂಥ ನಷ್ಟಕ್ಕೆ 72 ತಾಸಿನೊಳಗೆ ದೂರು ಕೊಡಬೇಕು. ಸರಕಾರಿ ಬರ ಪರಿಹಾರವನ್ನೇ ನೆಚ್ಚಿಕೊಂಡವರು ಮೊತ್ತ ತಿಳಿದಿರಲಿ: ವಿಪತ್ತು ನಿಧಿಯ 2022-26ರ ಲೆಕ್ಕದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅಂದರೆ ಎಕರೆಗೆ ಸುಮಾರು 3,400 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಿದ 2023ರ ಸಾಲಿನಲ್ಲೂ ಆ ದುಡ್ಡು ಪೂರ್ತಿ ಬರಲು ಮುಂದಿನ ಬೇಸಿಗೆಯೇ ಆಯಿತು.

ಯಾರಿಗೆ ಯಾವುದು

ವರ್ಷಕ್ಕೆ ಐದು-ಹತ್ತು ಸಾವಿರ ಮಾತ್ರ ಕಳಿಸಬಲ್ಲವರು: ವಿಮೆಯ ಕಂತು, ಒಳ್ಳೆ ಬೀಜ, ಎರಡು ಸಲದ ಎಡೆಕುಂಟೆ ಕೂಲಿ, ಎರೆಯಾದರೆ ಮಡಿ. ಇದನ್ನು ಬಿಟ್ಟು ಹೊಂಡಕ್ಕೆಂದು ದುಡ್ಡು ಕೂಡಿಡುವುದು ಬೇಡ. ಒಮ್ಮೆಗೆ ಕೆಲವು ಹತ್ತು ಸಾವಿರ ಹಾಕಬಲ್ಲವರು, ಎರೆ ಹೊಲದವರಾದರೆ: ಸುತ್ತೊಡ್ಡು, ಕಲ್ಲಿನ ಕೋಡಿ, ಆಮೇಲೆ ಉಳಿದದ್ದಕ್ಕೆ, ಬಾವಿಯದೋ ಹೊಂಡದ್ದೋ ನೀರಿದ್ದರೆ, ತುಂತುರು ಸೆಟ್ಟು. ಮಡ್ಡಿ ಹೊಲ, ಊರಲ್ಲಿ ಮನೆಯವರಿದ್ದು ಲಕ್ಷದ ಮೇಲೆ ಹಾಕಬಲ್ಲವರಿಗೆ ಹಾಳೆ, ಬೇಲಿ ಸಮೇತದ ಹೊಂಡ. ಹೊಲ ಲಾವಣಿಯಲ್ಲಿದ್ದು ಮನೆಯವರೆಲ್ಲ ಪುಣೆಯಲ್ಲೇ ಇದ್ದರೆ ಪಂಪು ಬೇಡುವ ಯಾವುದೂ ಬೇಡ, ಒಡ್ಡೇ ಸಾಕು. ವಿಮೆಯನ್ನಂತೂ ಬೆಳೆ ಯಾರದು ಎಂದು ಮೊದಲೇ ಬಗೆಹರಿಸಿಕೊಂಡು ಮಾಡಿಸಿ.

ಅಣ್ಣತಮ್ಮಂದಿರ ಹೊಲಗಳು ಒಂದೇ ಇಳಿಜಾರಿನಲ್ಲಿದ್ದರೆ ಕೂಡಿ ಮಾಡುವುದು ಅಗ್ಗ. ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಪುಣೆಯವರಿಗೆ ಹತ್ತಿರದ್ದೇ ಉದಾಹರಣೆ ಪುರಂದರ ತಾಲೂಕಿನ ನಾಯಗಾಂವ್. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಅಲ್ಲಿಂದ ಬೆಳೆಸಿದ ಪಾಣಿ ಪಂಚಾಯತದ ನಿಯಮ ಸರಳ: ನೀರು ಹೊಲದ ಅಳತೆಗಲ್ಲ, ತಲೆಗೆ ಅರ್ಧ ಎಕರೆಯಂತೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ, ಕಬ್ಬು ಹಚ್ಚುವಂತಿಲ್ಲ. ಕೂಡಿ ತೋಡುವ ಹೊಂಡದ ನೀರು ಹಂಚುವಾಗ ಇಂಥದೊಂದನ್ನು ಗುದ್ದಲಿ ಹಾಕುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ಮಣ್ಣಿನ ಕೆಲಸವೆಲ್ಲ ಏಪ್ರಿಲ್-ಮೇ ತಿಂಗಳಲ್ಲಿ, ಹೊಲ ಖಾಲಿ ಇರುವಾಗ. ಜೆಸಿಬಿಯವನ ಜೊತೆ ತಾಸಿನ ಲೆಕ್ಕಕ್ಕೆ ಮಾತಾಡಿದರೆ ದೂರದಲ್ಲಿದ್ದವರು ಸೋಲುತ್ತಾರೆ. ಬಾಯಿ, ತಳ, ಆಳ ಮೂರನ್ನೂ ಹೇಳಿ ಒಟ್ಟು ಗುತ್ತಿಗೆಗೆ ಕೊಡಿ. ಅರ್ಧ ದುಡ್ಡು ಶುರುವಿಗೆ. ಉಳಿದದ್ದು ತಳದಲ್ಲಿ ಟೇಪು ಹಿಡಿದ ವಿಡಿಯೊ ಬಂದ ಮೇಲೆ.